ಸೂಜಿ ಬೇಡವೆಂದವಳು ನಾನಲ್ಲ

ಒಣಕೊಬ್ಬರಿ ಹುರಿಯುವಾಗ ಕೈ ಬಿಡಬಾರದು. ಬಿಟ್ಟರೆ ತಳ ಹಿಡಿಯುತ್ತದೆ, ಆಮೇಲೆ ಎಷ್ಟು ಬೆಲ್ಲ ಸುರಿದರೂ ಬಾಣಂತಿಯರ ಅಂಟಿನುಂಡಿಯಲ್ಲಿ ಸುಟ್ಟ ವಾಸನೆ ಉಳಿದೇ ಉಳಿಯುತ್ತದೆ. ಇದನ್ನು ಕಲಿಸಿದವಳು ನನ್ನ ಅವ್ವ, ಹುಬ್ಬಳ್ಳಿಯಲ್ಲಿ. ಸಿಟ್ಟನ್ನೂ ಹಾಗೆಯೇ ಹುರಿಯಬೇಕು, ಸಣ್ಣ ಉರಿಯಲ್ಲಿ, ಕೈ ಬಿಡದೆ, ಎನ್ನುವುದನ್ನು ನಾನು ನ್ಯೂಜೆರ್ಸಿಗೆ ಬಂದ ಮೇಲೆ ನನ್ನಷ್ಟಕ್ಕೆ ನಾನೇ ಕಲಿತೆ.

ಬ್ಯಾಂಕುಗಳು ಒಂದರ ಹಿಂದೆ ಒಂದು ಬೀಳುತ್ತಿದ್ದ ಕಾಲ ಅದು. ನಾವು ಬ್ರಿಡ್ಜ್‌ವಾಟರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮ ಮನೆಯವರು ಮ್ಯಾನ್‌ಹ್ಯಾಟನ್ನಿನ ಬ್ಯಾಂಕೊಂದರ ಕಂಪ್ಯೂಟರ್ ಕೆಲಸದಲ್ಲಿದ್ದರು. ರೈಲು ಬದಲಿಸಿ ಬದಲಿಸಿ ಹೋಗಿ, ರೈಲು ಬದಲಿಸಿ ಬದಲಿಸಿ ಬರುತ್ತಿದ್ದರು. ಬಂದವರು ಶೂ ಬಿಚ್ಚುವ ಮೊದಲೇ ಟೀವಿ ಹಾಕುತ್ತಿದ್ದರು, ತಮ್ಮ ಬ್ಯಾಂಕು ಇನ್ನೂ ಇದೆಯೋ ಇಲ್ಲವೋ ನೋಡಲು. ನನಗೆ ಎರಡನೆಯ ಬಸಿರು. ಮೊದಲನೆಯವಳು ಹುಬ್ಬಳ್ಳಿಯ ನರ್ಸಿಂಗ್ ಹೋಮಿನಲ್ಲಿ ನಾನು ಅವ್ವನ ಕೈ ಹಿಡಿದುಕೊಂಡು ಹೆತ್ತವಳು. ಈ ಸಲ ಅಪ್ಪನ ಆರೋಗ್ಯ ಸರಿಯಿರದೆ ಅವ್ವ ಬರುವಂತಿರಲಿಲ್ಲ.

ಹಾಗಾಗಿ ಡಾಕ್ಟರನ್ನು ಆರಿಸುವಾಗ ನಾನು ನಮ್ಮವರೆಲ್ಲ ಮಾಡುವ ತಪ್ಪನ್ನೇ ಮಾಡಿದೆ. ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ಕಿಗೆ ಹೋದಲ್ಲೆಲ್ಲ ಒಂದೇ ಮಾತು.

"ನೋವು ಬಂದಾಗ ಇಂಗ್ಲಿಷ್ ಎಲ್ಲಿಂದ ಬರುತ್ತೆ ರೀ? ಅಮ್ಮಾ ಅಂತಾನೇ ತಾನೇ ಕೂಗೋದು? ನಮ್ಮವರೇ ಒಬ್ರು ಡಾಕ್ಟ್ರು ಇರೋವಾಗ ಬೇರೆಯವರ ಹತ್ರ ಯಾಕೆ ಹೋಗ್ತೀರ?"

ಆ ನಮ್ಮ ಡಾಕ್ಟರಮ್ಮ ಮೈಸೂರಿನವರು. ಹಣೆಯಲ್ಲಿ ಕುಂಕುಮ, ಬಿಳಿ ಕೋಟಿನ ಕೆಳಗೆ ಕಾಟನ್ ಸೀರೆ. ನಮ್ಮ ಕನ್ನಡ ಸಂಘದ ಯಾವ ಕಾರ್ಯಕ್ರಮವಿದ್ದರೂ ದೀಪ ಹಚ್ಚುವವರು ಅವರೇ. ತಪಾಸಣೆಗೆ ಹೋದರೆ ಮೊದಲು ಕೇಳುವುದು ತಿಂಡಿ ಏನಾಯಿತೆಂದು. "ಉಪ್ಪಿಟ್ಟಾ? ನನ್ನ ಬಿಟ್ಟು ತಿಂದ್ರಾ?" ಎನ್ನುವರು. ನನ್ನ ಧಾಟಿ ಕೇಳಿ, "ನಿಮ್ಮ ಕಡೆಯವರು ಮಾತಾಡೋದು ಕೇಳೋಕೇ ಒಂದು ಚೆಂದ" ಎಂದು ಬೆನ್ನು ತಟ್ಟುವರು. ಹೆರಿಗೆಯ ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಸೂಜಿಯ ಬಗ್ಗೆ ನಾನು ಮುಂಚೆಯೇ ಕೇಳಿದ್ದೆ. "ಬೇಕು ಅಂದ ತಕ್ಷಣ ಕೊಡಿಸ್ತೀನಿ. ನಾನಿದ್ದೀನಲ್ಲ" ಎಂದಿದ್ದರು. ಆ "ನಾನಿದ್ದೀನಲ್ಲ" ಕೇಳಿ ಆ ದಿನ ನನಗೆ ಅವ್ವನೇ ಬಂದು ನಿಂತ ಹಾಗಾಗಿತ್ತು. ಈಗ ಯಾರಾದರೂ ಹಾಗಂದರೆ ಮೊದಲು ಬಾಗಿಲು ಎಲ್ಲಿದೆ ನೋಡಿಕೊಳ್ಳುತ್ತೇನೆ.

ನೋವು ಶುರುವಾದದ್ದು ನವೆಂಬರಿನ ಒಂದು ಶನಿವಾರ, ಬೆಳಗಿನ ದೋಸೆ ಹಾಕುತ್ತಿದ್ದಾಗ. ಮನೆಯವರ ಬ್ಯಾಂಕನ್ನು ಇನ್ನೊಂದು ಬ್ಯಾಂಕು ನುಂಗುತ್ತಿತ್ತು. ಶನಿವಾರ ಭಾನುವಾರವೆನ್ನದೆ ಎಲ್ಲರನ್ನೂ ಕರೆಸಿಕೊಳ್ಳುತ್ತಿದ್ದರು. ಬರದವರ ಹೆಸರು ಸೋಮವಾರ ಇರುವುದಿಲ್ಲವೆಂಬ ಸುದ್ದಿ. ಮನೆಯವರಿಗೆ ಫೋನ್ ಮಾಡಿ, ಒಲೆ ಆರಿಸಿ, ಪಕ್ಕದ ಮನೆಯ ಬಾಗಿಲು ಬಡಿದೆ.

ಪಕ್ಕದ ಮನೆಯಲ್ಲಿದ್ದವರು ಮೈಸೂರಿನ ಮುಸಲ್ಮಾನರ ಕುಟುಂಬ. ಆ ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ದೊಡ್ಡವಳು, ಮೂರು ಹೆತ್ತವಳು. ತಲೆಗೆ ಬಟ್ಟೆ ಸುತ್ತಿಕೊಂಡು ಕಾರಿನ ಕೀ ತಗೊಂಡಳು. "ಉಸಿರು ಬಿಗಿ ಹಿಡೀಬೇಡ ಕಣಮ್ಮ. ನನ್ನ ಕಾರಲ್ಲಿ ಮಾತ್ರ ಹೆರಬೇಡ, ಸೀಟು ಹೊಸದು" ಎಂದಳು. ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ನನ್ನ ಮಗಳೂ ಅವಳ ಮಕ್ಕಳೂ ಮನೆಯಲ್ಲಿ ಕಾಯುತ್ತಿದ್ದರಿಂದ ವಾಪಸ್ಸು ಹೋದಳು. ಹೋಗುವಾಗ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಅದೇನೆಂದು ಆಮೇಲೆ ಗೊತ್ತಾಯಿತು.

ಹೆರಿಗೆ ಕೋಣೆಯಲ್ಲಿ ಒಬ್ಬ ವಯಸ್ಸಾದ ನರ್ಸ್ ಇದ್ದಳು, ನರೆತ ಕೂದಲನ್ನು ಹಿಂದೆ ಕಟ್ಟಿಕೊಂಡು. ಒಳ್ಳೆಯವಳು. ಹೊದಿಕೆ ಬೆಚ್ಚಗೆ ಮಾಡಿ ತಂದಳು. ಡಾಕ್ಟರಮ್ಮ ಬಂದದ್ದು ಮಧ್ಯಾಹ್ನ ದಾಟಿದ ಮೇಲೆ. ಬಂದವರೇ ಗಡಿಯಾರ ನೋಡಿದರು, ಆಮೇಲೆ ನನ್ನನ್ನು.

ನೋವು ಅಷ್ಟರಲ್ಲಿ ಸೊಂಟ ಹಿಡಿದು ಹಿಂಡುತ್ತಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು, ಇಂಗ್ಲಿಷ್ ಬಾರದವಳಲ್ಲ. ಆದರೆ ಪಾಟ್‌ಲಕ್ಕಿನ ಹೆಂಗಸರು ಹೇಳಿದ್ದು ನಿಜವಿತ್ತು. ನೋವಿನಲ್ಲಿ ಇಂಗ್ಲಿಷ್ ನನ್ನ ಬಾಯಿಂದ ಹೊರಟುಹೋಗಿತ್ತು.

"ಮೇಡಮ್ರೀ, ಆಗವಲ್ದು. ಆ ಬೆನ್ನಿಂದು ಸೂಜಿ ಕೊಡಸ್ರೀ" ಎಂದೆ.

"ಏನು ಕೇಳುತ್ತಿದ್ದಾರೆ?" ಎಂದು ನರ್ಸ್ ಡಾಕ್ಟರಮ್ಮನನ್ನು ಇಂಗ್ಲಿಷಿನಲ್ಲಿ ಕೇಳಿದಳು.

ಡಾಕ್ಟರಮ್ಮ ಕೈಗವಸು ಏರಿಸಿಕೊಳ್ಳುತ್ತ ನಕ್ಕರು. "ಷಿ ವಾಂಟ್ಸ್ ಟು ಗೋ ನ್ಯಾಚುರಲ್. ಅವರ್ ವಿಮೆನ್ ಆರ್ ವೆರಿ ಸ್ಟ್ರಾಂಗ್" ಎಂದರು. ಸೂಜಿ ಬೇಡ, ಹಾಗೇ ಹೆರುತ್ತಾಳಂತೆ, ನಮ್ಮ ಹೆಂಗಸರು ಗಟ್ಟಿಯಂತೆ.

ನರ್ಸ್ ನನ್ನತ್ತ ತಿರುಗಿ ಹೆಬ್ಬೆರಳೆತ್ತಿ ತೋರಿಸಿದಳು, ಮೆಚ್ಚಿಕೊಂಡು. ಆ ಹೆಬ್ಬೆರಳು ನನಗೆ ಇನ್ನೂ ಕಾಣುತ್ತದೆ.

ನಾನು ಹೇಳಿದ್ದು ಗೊತ್ತು, ಅವರು ಹೇಳಿದ್ದೂ ಗೊತ್ತು, ನಡುವೆ ಆದದ್ದೇನೆಂದೂ ಗೊತ್ತು. ನೋ ಎಂಬ ಒಂದು ಅಕ್ಷರ ಹೇಳಿದ್ದರೆ ಸಾಕಿತ್ತು. ಅದನ್ನು ಹೇಳಲೆಂದೇ ಬಾಯಿ ತೆರೆದೆ. ಹೊರಬಂದದ್ದು "ಯವ್ವಾ" ಎಂಬ ಕೂಗು. ಡಾಕ್ಟರಮ್ಮ ನನ್ನ ಮೇಲೆ ಬಾಗಿದರು. ಒಂದು ಕೈಯಲ್ಲಿ ನನ್ನ ಹಣೆಯ ಬೆವರು ಒರೆಸುತ್ತ, ಮುಖದ ನಗು ಹಾಗೇ ಇಟ್ಟುಕೊಂಡು, ಮಗುವನ್ನು ತೂಗುವ ದನಿಯಲ್ಲಿ ಕನ್ನಡದಲ್ಲಿ ಹೇಳಿದರು.

"ಬಾಯಿ ಬಡ್ಕೋಬೇಡ. ಮಾಡ್ಕೊಳ್ಳೋವಾಗ ಸುಖವಾಗಿತ್ತಲ್ಲ? ಈಗ ಅನುಭವಿಸು. ಎರಡನೇದು ಬೇರೆ, ನಾಚಿಕೆ ಆಗಲ್ವಾ? ಇವರ ಮುಂದೆ ನಮ್ಮ ಜನದ ಮಾನ ಕಳೀಬೇಡ."

ತಿಂಗಳುಗಟ್ಟಲೆ ನೀವು ನೀವು ಎಂದವರು ಆ ಹೊತ್ತು ನೀನು ಎಂದರು. ತೊಡೆಯ ಮೇಲೆ ಎರಡು ಸಲ ಬಡಿದರು. ಅದನ್ನು ನೋಡಿದವರಿಗೆ ಹುರಿದುಂಬಿಸಿದ ಹಾಗೆ ಕಂಡಿರಬೇಕು. ಮಗುವಿಗೆ ದಾರಿ ಮಾಡಲು ಕೊಯ್ಯುವಾಗ ಕೊಯ್ಯುತ್ತೇನೆಂದು ಹೇಳಲಿಲ್ಲ. ಹೊಲಿಯುವಾಗ ನಾನು ಬಿಗಿದುಕೊಂಡರೆ, "ಸಾಕು ನಾಟಕ. ನಿನ್ನೊಬ್ಬಳಿಗೇ ಸಂಜೆವರೆಗೂ ಕೂತಿರೋಕಾಗಲ್ಲ" ಎಂದರು, ಅದೇ ಜೋಗುಳದ ದನಿಯಲ್ಲಿ. ನರ್ಸಿನ ಕಣ್ಣು ಒದ್ದೆಯಾಗಿತ್ತು. ಡಾಕ್ಟರಮ್ಮ ಹೊರಟ ಮೇಲೆ ಆಕೆ ನನ್ನ ಕೈಹಿಡಿದು ಇಂಗ್ಲಿಷಿನಲ್ಲಿ, "ನೀನು ಅದೃಷ್ಟವಂತೆ. ನಿನ್ನದೇ ಭಾಷೆಯಲ್ಲಿ ಸಮಾಧಾನ ಹೇಳುವವರು ಎಷ್ಟು ಜನರಿಗೆ ಸಿಗುತ್ತಾರೆ?" ಎಂದಳು.

ನಾನು ಮಗುವಿನ ಮುಖ ನೋಡಿದೆ. ಗಂಡು. ನನ್ನ ಅಪ್ಪನ ಮೂಗು. ಆಗಲೇ ಮನಸ್ಸಿನಲ್ಲಿ ನಿಂತದ್ದು ಒಂದೇ. ಆ ಮಾತುಗಳು ಆ ಕೋಣೆಯಲ್ಲಿ ನನಗೆ ಒಬ್ಬಳಿಗೇ ಕೇಳಿಸಿದ್ದವು. ಒಂದು ದಿನ ಅವು ಅರ್ಥವಾಗುವವರ ನಡುವೆ ನಿಂತು ಎಲ್ಲರಿಗೂ ಕೇಳಿಸಬೇಕು, ಆಡಿದವರ ಎದುರಿಗೇ.

ಮನೆಯವರು ಕೋಟು ಕೂಡ ಬಿಚ್ಚದೆ ಓಡಿಬಂದಾಗ ಮಗು ಮಲಗಿತ್ತು. ಅವರಿಗೆ ಎಲ್ಲ ಹೇಳಿದೆ. ಮುಖ ಕೆಂಪಾಯಿತು, ಎದ್ದರು, ಕೂತರು. "ಮನಿಗೆ ಹೋಗಿ ಮಾತಾಡೂಣಂತ" ಎಂದರು. ಮನೆಗೆ ಹೋದ ಮೇಲೆ ಬ್ಯಾಂಕಿನ ಮಾತೇ ಆಯಿತು. ಮುಂದಿನ ವಾರ ಸಂಘದ ಈಮೇಲಿನಲ್ಲಿ ರಾಜ್ಯೋತ್ಸವದ ಫೋಟೋಗಳು ಬಂದವು. ಅದೇ ಶನಿವಾರದ ಸಂಜೆ. ಡಾಕ್ಟರಮ್ಮ ಅರಿಶಿನ ಬಣ್ಣದ ಮೈಸೂರು ಸಿಲ್ಕ್ ಉಟ್ಟು ದೀಪ ಹಚ್ಚುತ್ತಿದ್ದಾರೆ. ಸ್ನಾನ ಮಾಡಿ ಬಂದ ಕೂದಲು ಇನ್ನೂ ಒದ್ದೆ. ಸಂಜೆವರೆಗೆ ಕೂತಿರಲು ಆಗದ್ದು ಯಾಕೆಂದು ಆಗ ತಿಳಿಯಿತು. ಸೂಜಿ ಕೊಟ್ಟರೆ ಹೆರಿಗೆ ತಡವಾಗಬಹುದಿತ್ತು. ದೀಪ ಕಾಯುತ್ತಿತ್ತು.

ನನ್ನ ಬಾಣಂತನ ಮಾಡಿದವಳು ಪಕ್ಕದ ಮನೆಯ ಅಕ್ಕ. ತನ್ನ ಮೂರನೆಯದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಅದನ್ನು ನನ್ನ ಮಗಳ ಮಡಿಲಿಗೆ ಹಾಕಿ, ನನಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಅಮೆರಿಕದ ಬಚ್ಚಲಲ್ಲಿ ನೀರು ಹರಿಯುವ ಮೋರಿ ಇರುವುದು ಸ್ನಾನದ ತೊಟ್ಟಿಯೊಳಗೆ ಮಾತ್ರ. ಅಲ್ಲಿ ಪ್ಲಾಸ್ಟಿಕ್ಕಿನ ಸ್ಟೂಲು ಹಾಕಿ ನನ್ನನ್ನು ಕೂರಿಸಿದ್ದಳು. ಬಿಸಿನೀರು ಬೆನ್ನ ಮೇಲೆ ಬಿದ್ದಾಗ ಬಾಯಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಡಾಕ್ಟರಮ್ಮ ಅಂದದ್ದನ್ನು ಅಂದ ಹಾಗೇ ಹೇಳಿದೆ. ಅಕ್ಕನ ಕೈಯ ಮಗ್ಗು ಅಲ್ಲೇ ನಿಂತಿತು.

"ನಿನಗೂ ಅಂದಳಾ?" ಎಂದಳು.

ಅವಳ ಮೂರನೆಯ ಹೆರಿಗೆಯೂ ಅದೇ ಡಾಕ್ಟರಮ್ಮನ ಕೈಯಲ್ಲಿ. ಆಗ ಡಾಕ್ಟರಿಕೆ ಕಲಿಯುವ ಹುಡುಗರಿಬ್ಬರು ಕೋಣೆಗೆ ಬಂದಿದ್ದರಂತೆ. ಗಂಡಸರು ಬೇಡ, ಹೊರಗೆ ಕಳಿಸಿ ಎಂದು ಅಕ್ಕ ಕನ್ನಡದಲ್ಲಿ ಬೇಡಿಕೊಂಡಿದ್ದಾಳೆ. ಡಾಕ್ಟರಮ್ಮ ಆ ಹುಡುಗರಿಗೆ, "ಆಕೆಗೇನೂ ಅಭ್ಯಂತರವಿಲ್ಲವಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿದರಂತೆ. ಅಕ್ಕನಿಗೆ ಕನ್ನಡದಲ್ಲಿ, "ನಿನ್ನ ಬುರ್ಖಾ ನಿಮ್ಮ ಬೀದೀಲಿಟ್ಕೋ" ಎಂದರಂತೆ.

"ಆವತ್ತು ಆಸ್ಪತ್ರೆ ಬಾಗಿಲಲ್ಲಿ ನಿಂಗೆ ಹೇಳೋಣ ಅನ್ಕೊಂಡೆ. ನೋವು ತಿನ್ನೋಳಿಗೆ ಇನ್ನೊಂದು ಭಯ ಯಾಕೆ ಅಂತ ನುಂಗ್ಕೊಂಡೆ ಕಣಮ್ಮ. ನಿಮ್ಮೋಳು, ನಿನ್ನ ಹತ್ರ ಚೆನ್ನಾಗಿರ್ತಾಳೆ ಅನ್ಕೊಂಡೆ."

"ನಮ್ಮಾಕಿ ಅಂತ ನಾವು ನಂಬೂದಾ ಆಕಿಗೆ ಬೇಕಾಗಿದ್ದು, ಅಕ್ಕಾ" ಎಂದೆ.

ಆ ವರ್ಷ ಯಾರ ತಾಯಂದಿರೂ ಬರುವಂತಿರಲಿಲ್ಲ. ಒಬ್ಬರ ಮನೆಯಲ್ಲಿ ಕೆಲಸ ಹೋಗಿತ್ತು, ಒಬ್ಬರ ಮನೆಯಲ್ಲಿ ಹೋಗುವುದರಲ್ಲಿತ್ತು, ಇನ್ನೊಬ್ಬರಿಗೆ ವೀಸಾ ಸಿಗಲಿಲ್ಲ. ಚೇತರಿಸಿಕೊಂಡ ಮೇಲೆ ನಾನೇ ಬಾಣಂತಿಯರ ಮನೆಗಳಿಗೆ ಹೋಗಿ ಎಣ್ಣೆನೀರು ಹಾಕತೊಡಗಿದೆ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ, ಅಕ್ಕತಂಗಿಯರಿಗೆ ನೀರು ಹಾಕಬೇಡವೆಂದು ಯಾವ ವೀಸಾದಲ್ಲೂ ಬರೆದಿರಲಿಲ್ಲ. ಒಣಕೊಬ್ಬರಿ, ಅಂಟು, ಉತ್ತತ್ತಿ, ಗಸಗಸೆ ಹಾಕಿ ಉಂಡಿ ಕಟ್ಟಿಕೊಂಡು ಹೋಗುತ್ತಿದ್ದೆ. ಕೆಂಡದ ಅಗ್ಗಿಷ್ಟಿಕೆ ಇಡುವಂತಿಲ್ಲ, ಲೋಬಾನ ಹಾಕಿದರೆ ಹೊಗೆಯ ಅಲಾರಂ ಕಿರುಚುತ್ತದೆ. ಹೇರ್ ಡ್ರೈಯರಿನಲ್ಲೇ ಬಾಣಂತಿಯ ಬೆನ್ನು ಕಾಯಿಸುತ್ತಿದ್ದೆ. ಬೆನ್ನು ಬೆಚ್ಚಗಾದ ಹೆಂಗಸರು ಮಾತಾಡುತ್ತಾರೆ. ಹೆತ್ತದ್ದು ಬೇರೆ ಡಾಕ್ಟರ ಬಳಿಯಾದರೆ ಮಾತು ಗಂಡನ ಮೇಲೋ ಅತ್ತೆಯ ಮೇಲೋ ಹೋಗುತ್ತಿತ್ತು. ನಮ್ಮ ಡಾಕ್ಟರಮ್ಮನ ಬಳಿಯಾದರೆ ಮೊದಲು ಬಾಗಿಲು ಮುಚ್ಚಿದೆಯೇ ನೋಡುತ್ತಿದ್ದರು, ಆಮೇಲೆ ಕೇಳುತ್ತಿದ್ದರು: "ನಿಮಗೂ ಹೆರಿಗೇಲಿ ಹೀಗೆಲ್ಲ ಅಂದಿದ್ರಾ, ಆಂಟಿ?" ಆಗ ನನಗೆ ಆಂಟಿ ಅನ್ನಿಸಿಕೊಳ್ಳುವ ವಯಸ್ಸೇನೂ ಆಗಿರಲಿಲ್ಲ. ಬಾಣಂತನದಿಂದ ಆ ಬಿರುದು ಬಂತು.

ಮರುವರ್ಷ ಚಳಿ ಕಳೆಯುವ ಹೊತ್ತಿಗೆ ಮನೆಯವರ ಕೆಲಸವೂ ಹೋಯಿತು. ಪೆಟ್ಟಿಗೆಯೊಂದರಲ್ಲಿ ಕಾಫಿ ಲೋಟ, ನಮ್ಮ ಮಗಳು ಬರೆದ ಚಿತ್ರ, ಒಂದು ಸ್ವೆಟರ್ ತುಂಬಿಕೊಂಡು ಮಧ್ಯಾಹ್ನವೇ ಮನೆಗೆ ಬಂದರು. ಆಮೇಲೆ ಯಾರ ಯಾರಿಗೋ ಫೋನು. ಡಾಕ್ಟರಮ್ಮನ ಯಜಮಾನರು ಬ್ರಿಡ್ಜ್‌ವಾಟರಿನ ಒಂದು ಔಷಧ ಕಂಪನಿಯಲ್ಲಿ ಡೈರೆಕ್ಟರ್ ಆಗಿದ್ದರು. ದೇವಸ್ಥಾನದಲ್ಲಿ ಸಿಕ್ಕಿದಾಗ, "ರೆಸ್ಯೂಮೆ ಕಳಿಸಿ, ನೋಡೋಣ" ಎಂದರಂತೆ. ನಮ್ಮವರಿಗೆ ಆ "ನೋಡೋಣ"ವೇ ಊಟವಾಯಿತು.

ಅದೇ ದಿನಗಳಲ್ಲಿ ಡಾಕ್ಟರಮ್ಮನ ಫೋನು ಬಂತು, ನನಗೆ.

"ನೀವು ಬಾಣಂತನ ತುಂಬ ಚೆನ್ನಾಗಿ ಮಾಡ್ತೀರಂತೆ. ಎಲ್ಲರೂ ನಿಮ್ಮ ಕೈಗುಣ ಹೊಗಳ್ತಾರೆ. ನನ್ನ ಮಗಳಿಗೆ ಈ ತಿಂಗಳು. ಹೋಬೋಕನ್‌ನಲ್ಲಿರೋದು, ಹೆರಿಗೆ ಮ್ಯಾನ್‌ಹ್ಯಾಟನ್ನಲ್ಲಿ. ಆಮೇಲೆ ಇಲ್ಲಿಗೇ ಕರ್ಕೊಂಡು ಬರ್ತೀವಿ. ನೀವೇ ಬರಬೇಕು." ಸ್ವಲ್ಪ ತಡೆದು ಕೇಳಿದರು, "ನಾವಿಬ್ರೂ ಎಲ್ಲಾದ್ರೂ ಭೇಟಿ ಆಗಿದ್ದೀವಾ?"

ತಿಂಗಳುಗಟ್ಟಲೆ ನನ್ನ ಬೆನ್ನು ತಟ್ಟಿದವರು ಹಾಗೆ ಕೇಳಿದರು. ಒಲೆಯ ಮೇಲಿದ್ದ ಕೊಬ್ಬರಿಯ ಉರಿ ಸಣ್ಣದು ಮಾಡಿದೆ.

"ಆಗೀವ್ರಿ."

"ಹೌದಾ? ಎಲ್ಲಿ, ಸಂಘದಲ್ಲಾ?"

"ನೀವು ದೀಪ ಹಚ್ಚಿದ ದಿನ್ರಿ" ಎಂದೆ. ಅವರು ಎಷ್ಟೋ ದೀಪ ಹಚ್ಚಿದ್ದರು. "ಓ, ಸರಿ ಸರಿ" ಎಂದರು.

ನಾನು ಒಪ್ಪಿಕೊಂಡದ್ದು ಕೇಳಿ ಮನೆಯವರು ನನ್ನ ಮುಖವನ್ನೇ ನೋಡಿದರು. ಹೆಂಡತಿಯನ್ನು ಅಷ್ಟಾದರೂ ಬಲ್ಲವರು.

"ಹೋಗು. ಆದ್ರ ಅಲ್ಲಿ ಬಾಯಿ ಬಿಡಬ್ಯಾಡ. ಅವರ ಯಜಮಾನ್ರ ಕಡೆ ಕೆಲಸದ ಮಾತು ನಡದೈತಿ."

"ಬಾಯಿ ಬಡ್ಕೋಬೇಡ ಅಂತ ಆಕಿ ಅಂದ್ಲು. ಬಾಯಿ ಬಿಡಬ್ಯಾಡ ಅಂತ ನೀವು ಅನ್ನಾಕತ್ತೀರಿ. ಮತ್ತ ಬಾಯಿ ಯಾಕ ಕೊಟ್ಟಾನ್ರಿ ದೇವರು? ನಿಮಗ ರೊಟ್ಟಿ ಬೇಸಾಕ ಒಲಿ ಊದಾಕ?"

ಅವರು ಮಗನನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋದರು.

ಡಾಕ್ಟರಮ್ಮನ ಮನೆ ಗುಡ್ಡದ ಮೇಲಿತ್ತು, ಹಿಂದೆ ದೊಡ್ಡ ಮರದ ಡೆಕ್. ಮಗಳು ಮೂವತ್ತರ ಹತ್ತಿರದ ಹುಡುಗಿ, ತಾಯಿಯದೇ ಮುಖ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಡುಗೆಮನೆಯ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು, ಬೈಗುಳದ್ದು ತಿಳಿಯುತ್ತಿರಲಿಲ್ಲ. ನಾನು ಅವಳಿಗೆ ಹದವಾಗಿ ನೀರು ಕಾಯಿಸಿದೆ, ಸೊಂಟವನ್ನು ಅವ್ವ ತೋರಿಸಿದ ಹಾಗೆ ನೀವಿದೆ, ಹಾಲಿಳಿಯಲೆಂದು ಅಳವಿ ಬೀಜದ ಪಾಯಸ ಕುಡಿಸಿದೆ. ನೀರಿನ ಬಿಸಿಯಲ್ಲಿ ಸೇಡು ತೀರಿಸಿಕೊಳ್ಳುವವಳು ನಾನಲ್ಲ. ಬಾಣಂತಿಯ ಮೈ ನನ್ನ ಕೈಕೆಳಗಿದ್ದಾಗ ಅದು ಯಾರ ಮಗಳದೆಂದು ಕೇಳಬಾರದು. ಅಷ್ಟು ತಿಳಿಯದವರಿಗೆ ಆ ಕೆಲಸ ಕೊಡಬಾರದು.

ಒಂದು ದಿನ ನೀರು ಹಾಕುವಾಗ ಅವಳೇ ತನ್ನ ಹೆರಿಗೆಯ ಕಥೆ ಹೇಳಿದಳು. ಪ್ರತಿ ಸಲ ಮುಟ್ಟುವ ಮೊದಲು ಮುಟ್ಟಲೇ ಎಂದು ಕೇಳುತ್ತಿದ್ದರಂತೆ. ಸೂಜಿ ಬೇಕೆಂದಳು, ಕೊಟ್ಟರು. ಯಾರಾದರೂ ಹೊಸಬರು ಕೋಣೆಗೆ ಬಂದರೆ ಯಾರು, ಯಾಕೆ ಬಂದರೆಂದು ಹೇಳುತ್ತಿದ್ದರಂತೆ. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡೇ ಇಂಗ್ಲಿಷಿನಲ್ಲಿ, "ಅಮ್ಮನೂ ತನ್ನ ಪೇಷೆಂಟ್‌ಗಳಿಗೆ ಹೀಗೇ ಮಾಡ್ತಾಳೆ ಅನಿಸುತ್ತೆ ಅಲ್ವಾ, ಆಂಟಿ?" ಎಂದಳು.

"ಸೀಗೆಪುಡಿ ಕಣ್ಣಿಗೆ ಹೋದೀತು. ಕಣ್ಣು ತೆಗೀಬ್ಯಾಡ ನನ್ನವ್ವ" ಎಂದೆ.

ನಾಮಕರಣವನ್ನು ಜೂನ್ ತಿಂಗಳ ಒಂದು ಬೆಳಗ್ಗೆ ಇಟ್ಟುಕೊಂಡಿದ್ದರು. ನಮ್ಮ ಜನ ಬಹಳ ಸೇರಿದ್ದರು. ಹೆಂಗಸರು ಒಳಗೆ ತೊಟ್ಟಿಲ ಸುತ್ತ, ಗಂಡಸರು ಡೆಕ್ಕಿನ ಮೇಲೆ ಗ್ರಿಲ್ ಹಚ್ಚಿ ಮೆಕ್ಕೆಜೋಳ ಸುಡುತ್ತ ಯಾರ ಕಂಪನಿಯಲ್ಲಿ ಯಾರು ಉಳಿದರೆಂದು ಮಾತಾಡುತ್ತಿದ್ದರು. ನಮ್ಮವರು ಡಾಕ್ಟರಮ್ಮನ ಯಜಮಾನರ ಪಕ್ಕದಲ್ಲೇ ಇಕ್ಕಳ ಹಿಡಿದು ನಿಂತಿದ್ದರು. ಅಕ್ಕನೂ ಬಂದಿದ್ದಳು, ನಾನು ಕರೆದೆನೆಂದು. ಹೆಸರಿಟ್ಟಾಯಿತು, ಜೋಗುಳವಾಯಿತು. ಡಾಕ್ಟರಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು.

"ದೃಷ್ಟಿ ಒಂದು ತೆಗೆದುಬಿಡಿ. ನೀವು ತೆಗೆದರೆ ಚೆನ್ನಾಗಿರುತ್ತಂತೆ. ಮೆಣಸಿನಕಾಯಿ ಮಾತ್ರ ಹೊರಗೆ ಸುಡಿ, ಒಳಗೆ ಅಲಾರಂ ಹೊಡ್ಕೊಳ್ಳುತ್ತೆ."

ಬಾಣಂತಿಯನ್ನೂ ಕೂಸನ್ನೂ ಒಟ್ಟಿಗೆ ಕುರ್ಚಿಯಲ್ಲಿ ಕೂರಿಸಿದರು. ಬಲಗೈ ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದೆ. ದೃಷ್ಟಿ ತೆಗೆಯುವವಳು ಬಾಯಿ ತೆರೆದ ಮೇಲೆ ಮುಗಿಯುವ ತನಕ ನಡುವೆ ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ದೃಷ್ಟಿ ಅವರಿಗೇ ತಗಲುತ್ತದೆ ಎನ್ನುತ್ತಾರೆ. ಎಷ್ಟೋ ತಿಂಗಳಿಂದ ಹುಡುಕುತ್ತಿದ್ದ ಹೊತ್ತು ಇದೇ ಎಂದು ಮುಷ್ಟಿ ಎತ್ತಿದಾಗಲೇ ನನಗೆ ಹೊಳೆದದ್ದು.

"ಊರ ಕಣ್ಣು, ಕೇರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು" ಎಂದು ಶುರುಮಾಡಿ ಮುಷ್ಟಿ ಇಳಿಸಿದೆ. ಮತ್ತೆ ಎತ್ತಿದೆ.

"ಹೆರೋಳಿಗೆ ಬಾಯಿ ಬಡ್ಕೋಬೇಡ ಅಂದವರ ಕಣ್ಣು. ಮಾಡ್ಕೊಳ್ಳೋವಾಗ ಸುಖವಾಗಿತ್ತಲ್ಲ, ಈಗ ಅನುಭವಿಸು ಅಂದವರ ಕಣ್ಣು."

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು, ನನ್ನ ಕಡೆಯ ಹಳ್ಳಿ ಹಾಡೆಂದುಕೊಂಡು. ಇನ್ನೊಬ್ಬಳು, ನಾನು ನೀರು ಹಾಕಿದವಳು, ನಗಲಿಲ್ಲ. ಡಾಕ್ಟರಮ್ಮನ ಕೈಯಲ್ಲಿ ಆರತಿಯ ತಟ್ಟೆ ಇತ್ತು.

"ಸೂಜಿ ಕೊಡಸ್ರೀ ಅಂದ್ರ, ಆಕಿಗೆ ಬ್ಯಾಡಂತ ಅಂತ ನರ್ಸಿಗೆ ಸುಳ್ಳು ಹೇಳಿದವರ ಕಣ್ಣು. ಹೇಳದ ಕೊಯ್ದವರ ಕಣ್ಣು. ದೀಪ ಹಚ್ಚಾಕ ತಡಾ ಆಕ್ಕೈತಂತ ಬಸಿರಿ ತೊಡಿಗೆ ಹೊಡದವರ ಕಣ್ಣು."

ಆಗ ಬಾಗಿಲ ಬಳಿಯಿಂದ ಅಕ್ಕನ ದನಿ ಬಂತು, ಮೆಲ್ಲಗೆ. ಸೊಪ್ಪಿನ ಬೆಲೆ ಕೇಳುವ ಹಾಗೆ.

"ಗಂಡಸರು ಬೇಡ ಅಂದ್ರೆ, ಪರವಾಗಿಲ್ಲವಂತೆ ಅಂತ ಒಳಗೆ ಕರೆದವರ ಕಣ್ಣು. ಅದನ್ನೂ ಸೇರಿಸ್ಕೋ ಕಣಮ್ಮ."

ಸೇರಿಸಿಕೊಂಡೆ. ಕುರ್ಚಿಯಲ್ಲಿದ್ದ ಮಗಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ತಾಯಿಯನ್ನು. ಅರ್ಧ ಅರ್ಥವಾಗಿತ್ತು. "ಯಾವ ಸೂಜಿ? ಮಾಮ್, ಆಂಟಿ ಏನು ಹೇಳ್ತಿದಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಡಾಕ್ಟರಮ್ಮ ನಕ್ಕರು. ಆ ನಗು ನನಗೆ ಗೊತ್ತಿತ್ತು. ದನಿಯೂ ಅದೇ ಜೋಗುಳದ್ದು. "ಏನಿಲ್ಲ ಪುಟ್ಟ, ಹಳೇ ಕಾಲದ ಹಳ್ಳಿ ಮಂತ್ರ ಅದು, ದೃಷ್ಟಿಗೆ" ಎಂದು ಇಂಗ್ಲಿಷಿನಲ್ಲೇ ಹೇಳಿದರು.

ಮತ್ತೊಮ್ಮೆ ನನ್ನ ಎದುರಿಗೆ, ನನ್ನ ಮಾತನ್ನು ಬೇರೆ ಮಾಡಿ ಇನ್ನೊಬ್ಬರಿಗೆ ಕೊಟ್ಟರು. ಅಂದು ಹೊರಟುಹೋದ ಇಂಗ್ಲಿಷ್ ಆಗ ತಿರುಗಿ ಬಂತು, ಒಂದು ಪದವೂ ತಪ್ಪದೆ. ಹುಡುಗಿಯ ಕಣ್ಣನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದೆ: "ಅದು ಮಂತ್ರವಲ್ಲ. ನನ್ನ ಮಗನನ್ನು ಹೆರುವಾಗ ನಾನು ನೋವಿನ ಸೂಜಿ ಕೇಳಿದೆ. ನಿನ್ನ ತಾಯಿ ನರ್ಸಿಗೆ ನಾನು ಬೇಡವೆಂದೆನೆಂದು ಹೇಳಿದರು. ಬೇಡವೆಂದವಳು ನಾನಲ್ಲ."

ಡಾಕ್ಟರಮ್ಮ ಈಗ ನನ್ನನ್ನು ಸರಿಯಾಗಿ ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ಹೇಳಲಾರೆ. ತಟ್ಟೆ ಕೆಳಗಿಟ್ಟರು.

"ಮನೆಗೆ ಕರೆಸಿ ಮರ್ಯಾದೆ ಕೊಟ್ಟಿದ್ದಕ್ಕೆ ಇದಾ? ನಮ್ಮೋರು ಅಂತ ಸಲಿಗೇಲಿ ಒಂದು ಮಾತು ಅಂದಿರ್ತೀನಿ. ಹೆರಿಗೆ ಕೋಣೇಲಿ ನೂರು ಮಾತು ಬರುತ್ತೆ, ಹೋಗುತ್ತೆ."

"ಸಲಿಗಿ ಅಂದ್ರ ನಿಮ್ಮ ಮಗಳಿಗೆ ನಾ ದಿನಾ ನೀರು ಹಾಕ್ತೀನಲ್ರೀ ಮೇಡಮ್, ಅದು. ಕೇಳ್ರಿ ಆಕಿನ್ನ, ಒಂದಿನಾರ ನೀರು ಸುಡ್ತೇನಂತ."

ಮಗಳು ಮಗುವನ್ನು ಎದೆಗೊತ್ತಿಕೊಂಡು ಕೇಳಿದಳು, ದನಿ ಏರಿಸದೆ. "ಮಾಮ್, ನೀನು ಹಾಗಂದಿದ್ಯಾ? ಏನಂದೆ, ಇಂಗ್ಲಿಷಿನಲ್ಲಿ ಹೇಳು. ನನಗೆ ಅರ್ಥವಾಗೋ ಹಾಗೆ."

ಡಾಕ್ಟರಮ್ಮ ಸುತ್ತ ನೋಡಿದರು. ಅವರ ಕೈಯಲ್ಲಿ ಹೆತ್ತವರು ಐದಾರು ಜನ ಅಲ್ಲಿದ್ದರು. ಒಬ್ಬರೂ, ಬಿಡಿ ಮೇಡಮ್, ಎನ್ನಲಿಲ್ಲ. "ಕೂಗಬೇಡ ಅಂದಿರಬಹುದು" ಎಂದರು, ಇಂಗ್ಲಿಷಿನಲ್ಲಿ.

"ಮುಂದಿಂದೂ ಐತ್ರಿ" ಎಂದೆ.

ಅವರು ಹೇಳಿದರು. ಒಂದೊಂದೇ ಪದ, ಮಗಳ ಮುಖ ನೋಡದೆ. ಹಾಸಿಗೆಯ ಸುಖದ ಮಾತನ್ನು ಇಂಗ್ಲಿಷಿನಲ್ಲಿ ತಿಳಿಯಾಗಿಸಲು ಹೋದರು, ನಾನು ಬಿಡಲಿಲ್ಲ. ಅದು ಕನ್ನಡದಲ್ಲಿ ಎಷ್ಟು ಹೊಲಸಾಗಿತ್ತೋ ಇಂಗ್ಲಿಷಿನಲ್ಲೂ ಅಷ್ಟೇ ಹೊಲಸಾಗುವ ತನಕ ಮುಷ್ಟಿ ಹಿಡಿದುಕೊಂಡೇ ನಿಂತೆ. ನನಗೆ ಕನಿಕರ ಬರಲಿಲ್ಲ. ಬರಬಹುದೆಂದು ಒಂದು ಕ್ಷಣ ಕಾದೆ ಕೂಡ. ಬಂದದ್ದು ಹಸಿವು.

ಹುಡುಗಿ ಎದ್ದು, ತಾಯಿಯ ತೋಳಿಗೆ ಕೊಡಬೇಕಿದ್ದ ಮಗುವನ್ನು ತಂದು ನನ್ನ ಎಡಗೈಗೆ ಕೊಟ್ಟಳು. ಬಲಗೈಯಲ್ಲಿ ದೃಷ್ಟಿಯಿತ್ತಲ್ಲ.

ಮಗುವನ್ನು ಅಕ್ಕನಿಗೆ ದಾಟಿಸಿ ಡೆಕ್ಕಿಗೆ ಹೋದೆ. ಗಂಡಸರ ಮೆಕ್ಕೆಜೋಳದ ನಡುವೆ, ಗ್ರಿಲ್ಲಿನ ಕೆಂಡಕ್ಕೆ ಮುಷ್ಟಿ ಬಿಚ್ಚಿದೆ. ದೃಷ್ಟಿ ತಗಲಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ ಎನ್ನುತ್ತಾರೆ. ಆ ದಿನ ಎದ್ದ ಘಾಟಿಗೆ ಡೆಕ್ಕಿಗೆ ಡೆಕ್ಕೇ ಕೆಮ್ಮಿತು. ಡೈರೆಕ್ಟರುಗಳು, ಮ್ಯಾನೇಜರುಗಳು, ಕೆಲಸ ಇದ್ದವರು, ಕೆಲಸ ಹೋದವರು ಎಲ್ಲ ಕಣ್ಣೊರೆಸಿಕೊಳ್ಳುತ್ತ ಹುಲ್ಲಿನ ಮೇಲೆ ಓಡಿದರು. ಒಳ್ಳೆಯದಾಯಿತು. ಆ ಕೂಸಿಗೆ ಯಾರ ಕಣ್ಣೂ ತಗಲಿರಲಿಲ್ಲ, ನನ್ನದಂತೂ ಅಲ್ಲ. ಡಾಕ್ಟರಮ್ಮ ಗಾಜಿನ ಬಾಗಿಲ ಹಿಂದೆ ನಿಂತಿದ್ದರು. ಅವರ ಕಣ್ಣಲ್ಲೂ ನೀರಿತ್ತು. ಘಾಟು ಗಾಜು ದಾಟಿತ್ತೋ ಏನೋ, ನಾನು ಕೇಳಲು ಹೋಗಲಿಲ್ಲ.

ಕಾರಿನಲ್ಲಿ ಮನೆಯವರು ಕಿಟಕಿ ಇಳಿಸಿ ಇನ್ನೂ ಕೆಮ್ಮುತ್ತಿದ್ದರು.

"ಆ ಕೆಲಸ ಹೋತು" ಎಂದರು ಕಡೆಗೆ.

"ಇನ್ನೂ ಬಂದಿರ್ಲಿಲ್ಲಲ್ರೀ, ಹೋಗಾಕ."

ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವರ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ತಿರುಗಿ ನೋಡಿದೆ. ನಗುತ್ತಿದ್ದರು. "ಆ ಡೈರೆಕ್ಟರ್ ಓಡಿದ್ದು ನೋಡಿದೇನ?" ಎಂದರು. ಆ ಕೆಲಸ ಬರಲಿಲ್ಲ. ಬೇರೆ ಕೆಲಸ ಸಿಗುವ ತನಕ ನಾವು ಪಟ್ಟದ್ದು ಬೇರೆ ಕಥೆ. ಆ ಕಷ್ಟದಲ್ಲಿ ಒಂದು ದಿನವೂ ಅವರು ನೀನು ಯಾಕೆ ಬಾಯಿಬಿಟ್ಟೆ ಎಂದು ಕೇಳಲಿಲ್ಲ. ಹೆರಿಗೆಯ ದಿನ "ಮನಿಗೆ ಹೋಗಿ ಮಾತಾಡೂಣಂತ" ಎಂದದ್ದನ್ನು ನಾನು ಆ ಲೆಕ್ಕದಲ್ಲಿ ವಜಾ ಮಾಡಿದ್ದೇನೆ.

ಆ ಹುಡುಗಿ ಉಳಿದ ದಿನಗಳ ನೀರನ್ನು ಬಿಡಲಿಲ್ಲ. ಮಗುವನ್ನು ಕಾರ್ ಸೀಟಿನಲ್ಲಿ ಕಟ್ಟಿಕೊಂಡು ನಮ್ಮ ಅಪಾರ್ಟ್‌ಮೆಂಟಿಗೇ ಬಂದು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಹಾಕಿಸಿಕೊಂಡಳು. ತಾಯಿಯ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ನಮ್ಮ ಬಸಿರಿಯರು ಮಾತ್ರ ಎತ್ತಿದರು. ಯಾರಾದರೂ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕರೆದರೆ, ಉಡಿ ತುಂಬಿದ ಮೇಲೆ ಬಸಿರಿಯ ಬಾಯಲ್ಲಿ ನಾನೊಂದು ಇಂಗ್ಲಿಷ್ ವಾಕ್ಯವನ್ನು ಗಟ್ಟಿಯಾಗಿ ಹೇಳಿಸುತ್ತೇನೆ, ನೋವು ಬರುವ ಮೊದಲೇ: ನನಗೆ ಏನು ಬೇಕೆಂದು ನನ್ನನ್ನೇ ಕೇಳಿ. ಹೆಂಗಸರು ನಗುತ್ತಾರೆ. ನಗಲಿ, ಬಾಯಿಗೆ ಕೂತರೆ ಸಾಕು.

ಕೆಲವು ವರ್ಷಗಳ ಮೇಲೆ ದೇವಸ್ಥಾನದ ಕ್ಯಾಂಟೀನಿನಲ್ಲಿ ಡಾಕ್ಟರಮ್ಮ ಎದುರಾದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಾವಾಗಿಯೇ ನನ್ನ ಮೇಜಿಗೆ ಬಂದು ನಿಂತರು.

"ಆಮೇಲೆ ಯಾರಿಗೂ ಹಾಗೆ ಅಂದಿಲ್ಲ" ಎಂದರು.

"ಛಲೋ ಆತ್ರಿ."

"ಇನ್ನೂ ಸಿಟ್ಟಿದೆಯಾ?"

ಎದುರಿಗಿದ್ದ ಖಾಲಿ ಕುರ್ಚಿಯನ್ನು ಅವರು ನೋಡಿದರು. ಕೂತ್ಕೋರಿ ಎಂದು ನಾನು ಹೇಳಲಿಲ್ಲ.

"ಐತ್ರಿ" ಎಂದೆ. ಚೀಲದಿಂದ ಅಂಟಿನುಂಡಿಯ ಡಬ್ಬಿ ತೆಗೆದು ಅವರ ಕೈಗೆ ಕೊಟ್ಟೆ. ಆ ಹುಡುಗಿಗೆ ಎರಡನೆಯದು ಹುಟ್ಟಿದೆಯೆಂದು ಅವಳೇ ಫೋನ್ ಮಾಡಿದ್ದಳು. "ಇದು ನಿಮ್ಮ ಮಗಳಿಗ್ರಿ. ನೀವು ತಿನಬ್ಯಾಡ್ರಿ" ಎಂದು ಹೇಳಿ, ಆರುತ್ತಿದ್ದ ಪುಳಿಯೋಗರೆಯ ಕಡೆ ತಿರುಗಿದೆ.